ಸಂಜೀವಣ್ಣನ ಮೂಗು

ಕುಡಿತವು ಮನುಷ್ಯನಿಗೆ ರಕ್ತದ ಮೂಲಕ ಬರುತ್ತದೆ ಎಂಬುದು ಜ್ಞಾನಿಗಳೂ ವೃದ್ಧರೂ ಬಹುಕಾಲದಿಂದ ಒಪ್ಪಿಕೊಂಡು ಬಂದ ಸತ್ಯ. ನಮ್ಮ ಮನೆಯಲ್ಲಿ ಅದು ತಂಬಿಗೆಯ ಮೂಲಕ ಬರುತ್ತಿತ್ತು.

ಈ ಸಣ್ಣ ತಿದ್ದುಪಡಿಯನ್ನು ದಾಖಲಿಸುವುದಕ್ಕಾಗಿಯೇ ನಾನು ಸಂಜೀವಣ್ಣನ ವಿಷಯ ಬರೆಯಲು ಕುಳಿತಿದ್ದೇನೆ. ಅವನು ತೀರಿಕೊಂಡ ದಿನ ನಮ್ಮ ಚಾವಡಿಯಲ್ಲಿ ನೆರೆದ ಹಿರಿಯರೆಲ್ಲ, "ಏನು ಮಾಡುವುದು, ರಕ್ತದಲ್ಲೇ ಇತ್ತು" ಎಂದು ಗಂಭೀರವಾಗಿ ತಲೆಯಾಡಿಸಿ, ಎಲೆ ಅಡಿಕೆಯ ಹರಿವಾಣವನ್ನು ಹತ್ತಿರಕ್ಕೆ ಎಳೆದುಕೊಂಡರು. ರಕ್ತ ಪಾಪ, ಎದ್ದು ನಿಂತು ಉತ್ತರ ಕೊಡುವ ಹಾಗಿಲ್ಲ. ಅದರ ಪರವಾಗಿ ನಾನು ಹೇಳುತ್ತೇನೆ. ಬಂಟ್ವಾಳದಲ್ಲಿ ವಕೀಲರೊಬ್ಬರ ಗುಮಾಸ್ತನಾಗಿ ಜೀವಮಾನ ಕಳೆದವನು ನಾನು. ಬಾಯಿಲ್ಲದ ಕಕ್ಷಿಗಾರರ ಅಭ್ಯಾಸ ನನಗುಂಟು.

ಸಂಜೀವಣ್ಣ ನನ್ನ ದೊಡ್ಡಮ್ಮನ ಮಗ, ನನಗಿಂತ ಐದು ವರ್ಷಕ್ಕೆ ದೊಡ್ಡವನು. ಬಂಟ್ವಾಳದಿಂದ ಪುಂಜಾಲಕಟ್ಟೆಯ ಮೇಲೆ ಬೆಳ್ತಂಗಡಿಗೆ ಹೋಗುವ ಬಸ್ಸಿನ ಡ್ರೈವರ್. ಆರಡಿ ಎತ್ತರ, ಬಿಳಿ ಅಂಗಿ, ಕಂಕುಳಲ್ಲಿ ಮಡಚಿಟ್ಟ, ಬೆವರೊರೆಸುವ ಬೈರಾಸು. ಆದರೆ ಅವನನ್ನು ಒಮ್ಮೆ ಕಂಡವರು ನೆನಪಿಟ್ಟುಕೊಳ್ಳುತ್ತಿದ್ದದ್ದು ಅವನ ಮೂಗನ್ನು. ಅದು ನೋಡಲು ಸಾಮಾನ್ಯ ಮೂಗೇ. ಅವನು ಅದಕ್ಕೆ ಕೊಟ್ಟ ಕೆಲಸ ಮಾತ್ರ ಅಸಾಮಾನ್ಯ. ಯಾವ ಲೋಟವನ್ನೂ ಅವನು ಮೂಸದೆ ಬಾಯಿಗೆ ಇಟ್ಟವನಲ್ಲ. ಚಾಯ, ಮಜ್ಜಿಗೆ, ಮದುವೆಮನೆಯ ಪಾಯಸ, ಕೊನೆಗೆ ಬಾವಿಯಿಂದ ಆಗಷ್ಟೇ ಸೇದಿದ ನೀರು ಕೂಡ ಮೊದಲು ಮೂಗಿನ ಮುಂದೆ ಹಾಜರಾಗಿ, ಅಪ್ಪಣೆ ಪಡೆದು, ಅನಂತರ ಒಳಗೆ ಹೋಗಬೇಕು.

ಬಂಟ್ವಾಳದ ಹೋಟೆಲಿನ ಭಟ್ಟರಿಗೆ ಇದು ಅವಮಾನವಾಗಿ ಕಾಣುತ್ತಿತ್ತು. "ಏನು ಡ್ರೈವರ್ರೇ, ನಮ್ಮ ಚಾಯ ವಾಸನೆ ಬರ್ತದಾ?" ಎಂದು ಒಮ್ಮೆ ಕೇಳಿಯೇ ಬಿಟ್ಟರು.

"ಚಾಯದ ವಾಸನೆ ಬರ್ತದಾ ಅಂತ ನೋಡಿದ್ದು ಭಟ್ರೇ," ಎಂದ ಸಂಜೀವಣ್ಣ. "ಸ್ವಲ್ಪ ಸ್ವಲ್ಪ ಬರ್ತಾ ಉಂಟು. ನಾಳೆಯಿಂದ ಇನ್ನೊಂದು ಚಮಚ ಹುಡಿ ಹಾಕಿ."

ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅದರ ಖಾರ ಅರ್ಧ ಇಳಿಯುತ್ತದೆ. ಉಳಿದ ಅರ್ಧದಲ್ಲಿ ಓದುಗರು ಸುಧಾರಿಸಿಕೊಳ್ಳಬೇಕು.

ಈ ಮೂಗಿನ ಕಥೆ ಹೇಳಬೇಕಾದರೆ ಅವನ ಅಪ್ಪನಿಂದ ತೊಡಗಬೇಕು. ಅಪ್ಪ ಮೂಡಬಿದಿರೆಯ ಕಡೆಯವರು. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೇಳುತ್ತಿದ್ದರು, ಬೆಳಿಗ್ಗೆ ಹತ್ತು ಗಂಟೆಯ ಒಳಗೆ ಕಂಡವರು. ಆ ಕಡೆಯ ಅಜ್ಜನೂ ಹಾಗೆಯೇ ಇದ್ದು ಹಾಗೆಯೇ ಹೋದವರು. ಇಬ್ಬರು ಗಂಡುಮಕ್ಕಳಾದ ಮೇಲೆ ದೊಡ್ಡಮ್ಮ ಒಂದು ದಿನ ಮಧ್ಯಾಹ್ನ ಆರು ವರ್ಷದ ಸಂಜೀವನ ಕೈ ಹಿಡಿದುಕೊಂಡು ಪುಂಜಾಲಕಟ್ಟೆಯ ಹತ್ತಿರದ ನಮ್ಮ ಮನೆಗೆ ನಡೆದುಕೊಂಡೇ ಬಂದರು. ಚಿಕ್ಕವನು ವಾಸು. ಅವನನ್ನು ಆ ಮನೆಯವರು ಬಿಟ್ಟುಕೊಡಲಿಲ್ಲ. "ಒಂದು ನಿಮಗೆ, ಒಂದು ನಮಗೆ" ಎಂದರಂತೆ, ಕರು ಹಂಚಿಕೊಂಡ ಹಾಗೆ.

ಹೀಗೆ ಒಂದೇ ಬಳ್ಳಿಯ ಎರಡು ಕಾಯಿ ಎರಡು ಅಂಗಳದಲ್ಲಿ ಬೆಳೆದವು. ವಾಸು ಬೆಳೆದ ಮನೆಯಲ್ಲಿ ಬಾಟಲಿ ಎಲ್ಲಿ ಅಡಗಿದೆ ಎಂದು ಹುಡುಕುವುದು ಮಕ್ಕಳ ಆಟ, ಸಿಕ್ಕಿದರೆ ಅಪ್ಪನಿಗೆ ತಂದುಕೊಡುವುದು ಮಕ್ಕಳ ಕರ್ತವ್ಯ. ಸಂಜೀವಣ್ಣ ಬೆಳೆದ ಮನೆಯಲ್ಲಿ ದೊಡ್ಡಮ್ಮ ಇದ್ದರು. ಅವನು ಶಾಲೆಯಿಂದ ಬರಲಿ, ಆಟದಿಂದ ಬರಲಿ, ಮೀಸೆ ಮೂಡಿ ಬಸ್ಸು ಬಿಡಲು ತೊಡಗಿದ ಮೇಲೆ ಡ್ಯೂಟಿಯಿಂದ ಬರಲಿ, ಹೊಸ್ತಿಲಲ್ಲಿ ನಿಲ್ಲಿಸಿ, "ಬಾಯಿ ಬಿಡು" ಎನ್ನುವರು. ಆರಡಿಯ ಡ್ರೈವರು ಬಗ್ಗಿ ಬಾಯಿ ಬಿಡುವನು. ಅವರು ಮೂಸಿ, "ಹೋಗು, ಊಟ ಮಾಡು" ಎನ್ನುವರು. ಮೂವತ್ತು ವರ್ಷ ದಾಟಿದವನಿಗೂ ಈ ತಪಾಸಣೆ ತಪ್ಪಲಿಲ್ಲ. ನಾವು ನಗುತ್ತಿದ್ದೆವು. ಅವನು ನಗುತ್ತಿರಲಿಲ್ಲ.

"ಗಂಟಲು ಅಪ್ಪನದ್ದು ಮಾರಾಯ, ಮೂಗು ಅಮ್ಮನದ್ದು" ಎನ್ನುತ್ತಿದ್ದ. "ಎರಡೂ ಒಟ್ಟಿಗೆ ಇರುವವರೆಗೆ ತೊಂದರೆ ಇಲ್ಲ."

ವಾಸು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಹೊಟ್ಟೆಯಲ್ಲಿ ನೀರು ತುಂಬಿ, ಹಳದಿ ಕಣ್ಣು ಬಿಟ್ಟುಕೊಂಡು ಸತ್ತ. ಸಂಜೀವಣ್ಣ ಹೋಗಿ ಹೆಣಕ್ಕೆ ಹೆಗಲು ಕೊಟ್ಟು ಬಂದ. ಮರುದಿನ ಎಂದಿನಂತೆ ಬಸ್ಸು ಬಿಟ್ಟ. ಆ ವಾರವೇ, ಬೆಳ್ತಂಗಡಿಯಲ್ಲಿ ಮಧ್ಯಾಹ್ನ ಬಸ್ಸು ನಿಂತಿದ್ದಾಗ, ಮುಂದಿನ ಬಂಪರಿನ ಮೇಲೆ ಕುಳಿತು ನನ್ನೊಡನೆ ಒಂದು ವಿಷಯ ಹೇಳಿದ.

"ನಾನೂ ಒಮ್ಮೆ ಕುಡಿದಿದ್ದೇನೆ ಶೀನ. ಹದಿನೇಳರಲ್ಲಿ. ಅಪ್ಪನ ಮನೆಗೆ ಹೋದಾಗ. ನಾವು ನಾಲ್ಕು ಜನ ಹುಡುಗರು, ವಾಸುವೂ ಇದ್ದ. ಒಬ್ಬ ಉಗುಳಿದ. ಒಬ್ಬ ಕಾರಿಕೊಂಡ. ಗಂಟಲು ಸುಟ್ಟಿತು ಅಂತ ಕುಣಿದರು. ನನಗೂ ವಾಸುವಿಗೂ ಏನೂ ಸುಡಲಿಲ್ಲ. ನನಗೆ ಹೇಗಾಯಿತು ಅಂದರೆ, ಇಷ್ಟು ವರ್ಷ ಕತ್ತಲೆ ಕೋಣೆಯಲ್ಲಿ ಇದ್ದೆ, ಈಗ ಯಾರೋ ದೀಪ ಹಚ್ಚಿದರು ಅಂತ. ನಾನು ವಾಸುವಿನ ಮುಖ ನೋಡಿದೆ. ಅವನಿಗೂ ಹಚ್ಚಿದ್ದರು."

"ಮತ್ತೆ?"

"ಮತ್ತೆ ಏನು? ನಾನು ಇಲ್ಲಿಗೆ ಬರ್ಬೇಕಿತ್ತು, ಹೊಸ್ತಿಲಲ್ಲಿ ಅಮ್ಮ ಇದ್ದರು. ಅವನು ಅಲ್ಲೇ ಇದ್ದ." ಬೈರಾಸಿನಿಂದ ಮುಖ ಒರೆಸಿಕೊಂಡು ಎದ್ದ. "ಹಿಡಿಸದವರು ಬೇಕಾದರೆ ಕುಡೀಲಿ. ನನಗೆ ಹಿಡಿಸ್ತದೆ. ಹಾಗಾಗಿ ನಾನು ಕುಡಿಯುವುದಿಲ್ಲ. ಮದುವೆಯೂ ಬೇಡ. ಈ ಗಂಟಲು ನನ್ನಲ್ಲೇ ಮುಗೀಲಿ. ಬಸ್ಸು ಹತ್ತು, ಹೋಗುವ."

ಇಷ್ಟು ಸ್ಪಷ್ಟವಾಗಿ ತನ್ನ ಶರೀರವನ್ನು ಓದಿಕೊಂಡ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಅವನು ಕಲಿತದ್ದು ಎಂಟನೇ ಕ್ಲಾಸು.

ಅದು ಪಾನನಿರೋಧದ ಕಾಲ. ಸರಕಾರವು ಕುಡಿತವನ್ನು ಕಾಯಿದೆಯಿಂದ ನಿಲ್ಲಿಸಿತ್ತು. ಪ್ರಜೆಗಳು ಕಾಯಿದೆಯನ್ನು ಗೌರವಿಸಿ, ಏಕಾಏಕಿ ಅಜೀರ್ಣದಿಂದ ನರಳತೊಡಗಿ, ಮದ್ದಿನಂಗಡಿಯಲ್ಲಿ ಅರಿಷ್ಟದ ಬಾಟಲಿಗಾಗಿ ಸಾಲು ನಿಲ್ಲುತ್ತಿದ್ದರು. ಅಷ್ಟು ಶ್ರದ್ಧೆಯಿಂದ ಔಷಧ ಸೇವಿಸಿದ ತಲೆಮಾರು ಮತ್ತೊಂದಿಲ್ಲ. ಗುಡ್ಡೆಗಳ ಹಿಂದೆ ಗೇರುಹಣ್ಣು ಕೊಳೆಯುತ್ತಿತ್ತು, ಅದರ ಸಾರಾಯಿ ಸೈಕಲ್ ಟ್ಯೂಬುಗಳಲ್ಲಿ ತುಂಬಿ, ಜನರ ಸೊಂಟಕ್ಕೆ ಸುತ್ತಿಕೊಂಡು, ಬಸ್ಸಿನಲ್ಲೇ ಊರೂರಿಗೆ ಪ್ರಯಾಣ ಮಾಡುತ್ತಿತ್ತು. ಸಂಜೀವಣ್ಣನ ಬಸ್ಸಿನಲ್ಲಿ ಮಾತ್ರ ಮಾಡುತ್ತಿರಲಿಲ್ಲ.

ಒಂದು ದಿನ ಪುಂಜಾಲಕಟ್ಟೆಯಲ್ಲಿ ಒಬ್ಬ ಹತ್ತಿದ. ಕಡ್ಡಿಯಂಥ ಕೈಕಾಲು, ಸುಗ್ಗಿಯ ಕಣಜದಂಥ ಹೊಟ್ಟೆ, ಬೇಸಗೆಯಲ್ಲಿ ಶಾಲು. ನಾಲ್ಕು ಮಾರು ಹೋಗುವಷ್ಟರಲ್ಲಿ ಸಂಜೀವಣ್ಣ ಬಸ್ಸು ನಿಲ್ಲಿಸಿ, ಹಿಂದೆ ತಿರುಗದೆಯೇ, "ಯಾರಿಗೋ ಹೊಟ್ಟೆ ಉಬ್ಬರ ಉಂಟು. ಇಳಿದು ನಡೆದರೆ ಒಳ್ಳೇದು" ಎಂದ.

"ಇದು ಬರೇ ವಾಯು, ಡ್ರೈವರ್ರೇ" ಎಂದಿತು ಶಾಲು.

"ವಾಯು ಆದರೆ ಟ್ಯೂಬಿನಲ್ಲಿ ಇರಲಿ, ಅದು ಕ್ರಮವೇ. ನಿಮ್ಮದರಲ್ಲಿ ನೀರು ಸೇರಿದೆ."

ಇಡೀ ಬಸ್ಸು ನಕ್ಕಿತು. ಹೊಟ್ಟೆ ಇಳಿದುಹೋಯಿತು, ಅದರ ಹಿಂದೆ ಅದರ ಯಜಮಾನನೂ. ಸಂಜೀವಣ್ಣ ಮಾತ್ರ ಕಿಟಕಿಯಾಚೆ ತಲೆ ಹಾಕಿ, ಮುಂದಿನ ಹೊಳೆ ದಾಟುವವರೆಗೂ ತಲೆ ಒಳಗೆ ತೆಗೆದುಕೊಳ್ಳಲಿಲ್ಲ. ಅದು ಅಸಹ್ಯವೆಂದು ಉಳಿದವರು ತಿಳಿದಿದ್ದರು. ಅದು ಹೆದರಿಕೆ ಎಂದು ಗೊತ್ತಿದ್ದದ್ದು ನನಗೊಬ್ಬನಿಗೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ನನ್ನ ಮೇಲೆ ಸಾಕ್ಷ್ಯವಾಗಿ ಬೇಕಾಗುತ್ತದೆ.

ಇನ್ನು ನಮ್ಮ ಮನೆಯ ವಿಷಯ. ನಮ್ಮದು ಅಳಿಯಸಂತಾನ. ಆಸ್ತಿ, ಯಜಮಾನಿಕೆ, ಮನೆಯ ದೈವದ ಹೊಣೆ ಎಲ್ಲವೂ ಮಾವನಿಂದ ಸೋದರಳಿಯನಿಗೆ. ಅಪ್ಪ ಎಂಬವನು ಕಾಯಿದೆಯ ದೃಷ್ಟಿಯಲ್ಲಿ ಒಬ್ಬ ಗೌರವಾನ್ವಿತ ನೆಂಟ. ಆಗ ಯಜಮಾನರಾಗಿದ್ದವರು ಮುಂಡಪ್ಪ ಮಾವ. ಅವರು ಈ ಕಾಯಿದೆಯನ್ನು ಆಸ್ತಿಗೆ ಮಾತ್ರ ಸೀಮಿತಗೊಳಿಸದೆ ಶರೀರಶಾಸ್ತ್ರಕ್ಕೂ ವಿಸ್ತರಿಸಿದ್ದರು. ಒಂದು ದಿನ ಸಂಜೀವಣ್ಣನಿಗೆ ಹೇಳಿದರು, "ಅಪ್ಪನ ಕುಡಿತ ಮಗನಿಗೆ ಬರುವುದು ಮಕ್ಕಳಸಂತಾನದವರಲ್ಲಿ. ನಮ್ಮಲ್ಲಿ ಮಾವನ ಗುಣ ಅಳಿಯನಿಗೆ. ನನ್ನನ್ನು ನೋಡು, ನಾನು ಕುಡುಕನಾ? ಮತ್ತೆ ನೀನು ಹೇಗೆ ಆಗ್ತಿ?"

ಮಾವ ಕುಡುಕರಲ್ಲ, ನಿಜ. ವರ್ಷಕ್ಕೆ ಎರಡು ಸಲ ಕುಡಿದು, ಗೊರಕೆ ಹೊಡೆದು, ಬೆಳಿಗ್ಗೆ ಎದ್ದು ಗದ್ದೆಗೆ ಹೋಗುತ್ತಿದ್ದರು. ನಮ್ಮ ಮನೆಯ ಗಂಡಸರೆಲ್ಲ ಹಾಗೆಯೇ. ಕುಡಿದು ನಿಲ್ಲಿಸುವ ವಿದ್ಯೆ ನಮಗೆ ಹುಟ್ಟಿನಿಂದ ಪುಕ್ಕಟೆ ಸಿಕ್ಕಿತ್ತು. ನಾವು ಅದನ್ನು ಸ್ವಂತ ಸದ್ಗುಣ ಎಂದು ತಿಳಿದು ಮೀಸೆ ತಿರುವುತ್ತಿದ್ದೆವು. ಈಜು ಬರುವವನು ಮುಳುಗುತ್ತಿರುವವನಿಗೆ "ಸುಮ್ಮನೆ ಕೈಕಾಲು ಆಡಿಸು" ಎಂದು ದಡದಿಂದ ಬುದ್ಧಿ ಹೇಳಿದ ಹಾಗೆ.

ಸಂಜೀವಣ್ಣ ಹಿರಿಯರಿಗೆ ಎದುರಾಡುವವನಲ್ಲ. ಅಂದು ಮಾತ್ರ ಹೇಳಿದ, "ಮಾವ, ಗದ್ದೆ ನಿಮ್ಮಿಂದ ಬರ್ಲಿ. ನಾನು ಬೇಡ ಹೇಳುವುದಿಲ್ಲ. ಆದರೆ ಈ ಗಂಟಲು ನಿಮ್ಮ ಹತ್ತಿರ ಕೇಳಿ ಬಂದದ್ದಲ್ಲ."

ಮಾವ ಅದನ್ನು ಅಧಿಕಪ್ರಸಂಗ ಎಂದು ತೀರ್ಮಾನಿಸಿ ಎದ್ದುಹೋದರು.

ವರ್ಷಕ್ಕೊಮ್ಮೆ ಮನೆಯ ದೈವಕ್ಕೆ ತಂಬಿಲ, ಅಂದರೆ ಮನೆಯವರೇ ಕೂಡಿ ದೈವಕ್ಕೆ ಬಡಿಸಿ ಕೈಮುಗಿಯುವ ಸೇವೆ. ಅಂಗಳದ ಮೂಲೆಯ ದೈವದ ಗುಡಿಯ ಮುಂದೆ ಅಕ್ಕಿ, ತೆಂಗಿನಕಾಯಿ, ಒಂದು ತಂಬಿಗೆ ಕಳ್ಳು. ಸೇವೆ ಮುಗಿದ ಮೇಲೆ ಯಜಮಾನ ತಂಬಿಗೆಯಿಂದ ಮೊದಲ ಗುಟುಕು ಪ್ರಸಾದ ತೆಗೆದುಕೊಳ್ಳಬೇಕು, ಅನಂತರ ಉಳಿದ ಗಂಡಸರಲ್ಲಿ ಬೇಕಾದವರು. ಪಾನನಿರೋಧ ಬಂದಮೇಲೆ ಕಳ್ಳು ಇಳಿಸುವವನು ಪೊಲೀಸರಿಗೆ ಹೆದರಿ ಮರ ಹತ್ತುವುದನ್ನು ಬಿಟ್ಟ. ಮಾವ ಆಲೋಚಿಸಿ, ಕಳ್ಳಿನ ಬದಲು ಗೇರುಹಣ್ಣಿನ ಸಾರಾಯಿ ಆಗಬಹುದು, ದೈವ ಸಂದರ್ಭವನ್ನು ಅರ್ಥಮಾಡಿಕೊಳ್ಳುತ್ತದೆ ಎಂದು ತೀರ್ಪು ಕೊಟ್ಟರು. ದೈವ ಆಕ್ಷೇಪಿಸಲಿಲ್ಲ.

ಮೊದಲು ದೊಡ್ಡಮ್ಮ ತೀರಿಕೊಂಡರು. ಹೊಸ್ತಿಲು ಬರಿದಾಯಿತು. ಸಂಜೀವಣ್ಣ ಕೆಲವು ತಿಂಗಳು ಡ್ಯೂಟಿಯಿಂದ ಬಂದು ಹೊಸ್ತಿಲಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದ, ಅನಂತರ ಒಳಗೆ ಬರುತ್ತಿದ್ದ. ಎರಡು ವರ್ಷಕ್ಕೆ ಮಾವನೂ ಹೋದರು. ಮನೆಯ ಹಿರಿಯ ಗಂಡಸು ಈಗ ಸಂಜೀವಣ್ಣ. ಯಜಮಾನಿಕೆ ಬಂತು, ಅದರ ಹಿಂದೆಯೇ ತಂಬಿಗೆ.

ತಂಬಿಲಕ್ಕೆ ಎಂಟು ದಿನ ಇರುವಾಗಲೇ ಅವನು ಚಾವಡಿಯಲ್ಲಿ ಎಲ್ಲರನ್ನೂ ಕೂರಿಸಿ ಕೇಳಿದ, "ಕಳ್ಳಿನ ಬದಲು ಸಾರಾಯಿ ಆಗ್ತದೆ ಅಂದರೆ, ಸಾರಾಯಿ ಬದಲು ಬೊಂಡದ ನೀರು ಆಗ್ಲಿಕ್ಕಿಲ್ವಾ? ಎಳನೀರೂ ಮರದಿಂದಲೇ ಇಳಿಸಿದ್ದು."

ನನ್ನ ಅಮ್ಮ ಆಗ ಮನೆಯ ಹಿರಿಯ ಹೆಂಗಸು. "ದೈವಕ್ಕೆ ಬೊಂಡ? ದೈವಕ್ಕೆ ಏನು ಜ್ವರ ಬಂದಿದೆಯಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾತು ಒಳ್ಳೆಯದಿತ್ತು.

ಆ ವರ್ಷ ಸಂಜೀವಣ್ಣ ತಂಬಿಗೆಯನ್ನು ಹಣೆಗೆ ಒತ್ತಿ, ಕುಡಿಯದೆ ನನ್ನ ಕೈಗೆ ದಾಟಿಸಿದ. ಹಿರಿಯರು ಗೊಣಗಿದರು. ಅನಂತರ ಹನ್ನೆರಡು ತಿಂಗಳು, ಮನೆಯಲ್ಲಿ ಹಸು ಕಂದು ಹಾಕಿದರೂ ಕಾರಣ ಆ ಗುಟುಕು, ಹಾಲು ಒಡೆದರೂ ಕಾರಣ ಆ ಗುಟುಕು. ಸೀಮೆಣ್ಣೆ ಮುಗಿದದ್ದು ಕೂಡ.

ಮರುವರ್ಷ ತಂಬಿಲ ಹತ್ತಿರ ಬಂದಾಗ ನನ್ನ ತಂಗಿ ಗಿರಿಜಳ ಮಗು ಪುಷ್ಪ ಜ್ವರದಿಂದ ಮಲಗಿತು. ಮೂರು ವರ್ಷದ ಹುಡುಗಿ. ಮುಂದಿನ ತಲೆಮಾರಿಗೆ ನಮ್ಮ ಕುಟುಂಬದಲ್ಲಿ ಇದ್ದ ಒಂದೇ ಹೆಣ್ಣು. ನಮ್ಮ ಕ್ರಮದಲ್ಲಿ ಹೆಣ್ಣು ನಿಂತರೆ ಮನೆ ನಿಂತಿತು, ಇಲ್ಲವಾದರೆ ದೀಪ ಆರಿತು. ಬಂಟ್ವಾಳದ ಡಾಕ್ಟರು ವಿಷಮಶೀತ ಜ್ವರ ಎಂದು ಗುಳಿಗೆ ಕೊಟ್ಟು, "ಗುಣ ಆಗ್ತದೆ, ಸ್ವಲ್ಪ ದಿನ ತಡೆಯಿರಿ" ಎಂದಿದ್ದರು. ಆದರೆ ತಡೆಯುವುದು ನಮ್ಮ ಮನೆಯ ವಿದ್ಯೆಯಲ್ಲ. ಅಮ್ಮ ಸಂಜೀವಣ್ಣನ ಎದುರು ನಿಂತು, "ಈ ಮಗು ಹೋದರೆ ನಿನ್ನ ನಾಲಗೆಯಿಂದ ಹೋಯಿತು ಅಂತ ತಿಳ್ಕೋ" ಎಂದರು. ಗಿರಿಜ ಮಗುವಿನ ಹಣೆಯ ಒದ್ದೆ ಬಟ್ಟೆ ಬದಲಿಸುತ್ತಿದ್ದಳು. ಅಳುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. ಸಂಜೀವಣ್ಣ ಎಲ್ಲರ ಮುಖ ನೋಡಿ ಕೊನೆಗೆ ನನ್ನ ಮುಖ ನೋಡಿದ. ಬಂಪರಿನ ಮೇಲೆ ಕುಳಿತು ಹೇಳಿದ್ದೆಲ್ಲ ಕೇಳಿದವನು ಮನೆಯಲ್ಲಿ ನಾನೊಬ್ಬನೇ ಇದ್ದೆ.

ನಾನು ಹೇಳಿದ್ದು ಇಷ್ಟು: "ಒಂದು ಗುಟುಕು ಅಲ್ವಾ ಸಂಜೀವಣ್ಣ."

ಮಧ್ಯಾಹ್ನಕ್ಕೆ ಮೊದಲು ತಂಬಿಲ ಆಯಿತು. ತಂಬಿಗೆಯನ್ನು ಅವನ ಕೈಗೆ ಕೊಟ್ಟವನು ನಾನು. ಅವನು ಮೂಸಿದ.

"ಶೀನ, ಇದು ಕಳ್ಳಲ್ಲ."

"ಗೊತ್ತುಂಟು. ಪ್ರಸಾದ ಅಂತ ತಿಳಿದು ಒಂದು ಗುಟುಕು."

"ನೀನು ಕುಡಿದರೆ ಅದು ಒಂದು ಗುಟುಕು" ಎಂದು ಮೆಲ್ಲನೆ ಹೇಳಿ, ತಂಬಿಗೆ ಎತ್ತಿದ.

ಮನೆಯವರೆಲ್ಲ ಕೈಮುಗಿದು ಕಣ್ಣುಮುಚ್ಚಿದ್ದರು. ನಾನು ಮುಚ್ಚಿರಲಿಲ್ಲ. ಒಂದು ಗುಟುಕು ಇಳಿಯಿತು. ತಂಬಿಗೆಯನ್ನು ಅವನು ನನಗೆ ಕೊಡಬೇಕಿತ್ತು, ನಾನು ಕೈ ಚಾಚಿದ್ದೆ. ಅವನು ಕೊಡಲಿಲ್ಲ. ಎರಡನೆಯದು ಇಳಿಯಿತು. ಅವನ ಮುಖ ನೋಡಿದೆ. ಇಪ್ಪತ್ತೆರಡು ವರ್ಷದ ಹಿಂದೆ ಯಾರೋ ಹಚ್ಚಿದ್ದ ಆ ದೀಪ, ಎಣ್ಣೆ ಆರದೆ ಕಾದು ಕುಳಿತಿತ್ತು.

ಪುಷ್ಪಳಿಗೆ ಹತ್ತು ದಿನದಲ್ಲಿ ಜ್ವರ ಬಿಟ್ಟಿತು. ಡಾಕ್ಟರ ಗುಳಿಗೆಯೂ ಅಷ್ಟರಲ್ಲಿ ಮುಗಿದಿತ್ತು. ಆದರೆ ಗುಳಿಗೆಗೆ ಯಾರೂ ಕೈಮುಗಿಯಲಿಲ್ಲ.

ಮುಂದಿನದ್ದನ್ನು ವಿಸ್ತರಿಸುವ ಆಸೆ ನನಗಿಲ್ಲ. ಮೊದಲು ಡ್ಯೂಟಿ ಇಲ್ಲದ ದಿನ, ಅನಂತರ ಡ್ಯೂಟಿ ಮುಗಿದ ಮೇಲೆ. ಅವನ ಬಸ್ಸಿನಲ್ಲಿ ಟ್ಯೂಬುಗಳು ನಿರ್ಭಯವಾಗಿ ಪ್ರಯಾಣ ಮಾಡತೊಡಗಿದವು. ಒಂದು ಬೆಳಿಗ್ಗೆ ತಾನಾಗಿಯೇ ಬಸ್ಸಿನ ಮಾಲಿಕರ ಬಳಿ ಹೋಗಿ, "ಕೈ ನಡುಗ್ತದೆ, ಇನ್ನು ಜನರನ್ನು ಕೂರಿಸಿಕೊಂಡು ನಾನು ಬಿಡುವುದಿಲ್ಲ" ಎಂದು ಕೀಲಿಕೈ ಮೇಜಿನ ಮೇಲೆ ಇಟ್ಟು ಬಂದ. ಮರ್ಯಾದಸ್ಥ. ಅಷ್ಟರಲ್ಲಿ ಸರಕಾರವೂ ಪಾನನಿರೋಧವನ್ನು ಕೈಬಿಟ್ಟಿತು, ಹುಡುಕುವ ಕಷ್ಟವೂ ಉಳಿಯಲಿಲ್ಲ. ಮನೆಯಲ್ಲಿ ಹಿರಿಯರು ಅವನನ್ನು ಕಂಡಾಗಲೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರು. ಆ ಮನೆಯಲ್ಲಿ ದೊಡ್ಡಮ್ಮನ ನಂತರ ಮೂಗಿನ ನೆನಪಾದದ್ದು ಆಗಲೇ.

"ಒಂದು ಗುಟುಕು ಪ್ರಸಾದ ಅಂದದ್ದು ನಾವು. ದಿನಾ ಕುಡಿ ಅಂದೆವಾ?" ಎಂದು ಅಮ್ಮ ಕೇಳಿದರು. ಇದು ಕೇಳಲು ನ್ಯಾಯವಾಗಿಯೇ ಇದೆ. ಬೇಸಗೆಯ ಗುಡ್ಡೆಗೆ ಒಂದೇ ಒಂದು ಕಡ್ಡಿ ಗೀರಿದವನೂ ಹೀಗೆಯೇ ವಾದಿಸಬಹುದು. ಇಡೀ ಗುಡ್ಡೆ ಉರಿ ಎಂದು ಅವನೇನೂ ಹೇಳಿರಲಿಲ್ಲ. ಒಣಗಿ ನಿಂತ ಮುಳಿಹುಲ್ಲು ಗುಡ್ಡೆಯದ್ದೇ, ಯಾರೂ ಇಲ್ಲ ಎನ್ನುವುದಿಲ್ಲ. ಕಡ್ಡಿ ಯಾರದ್ದು ಎಂದು ಮಾತ್ರ ಆ ಚಾವಡಿಯಲ್ಲಿ ಇವತ್ತಿನವರೆಗೆ ಒಬ್ಬನೂ ಕೇಳಿಲ್ಲ.

ಕೊನೆಯ ಸಲ ಅವನನ್ನು ಕಂಡದ್ದು ಬಂಟ್ವಾಳದ ಅದೇ ಹೋಟೆಲಿನ ಎದುರು. ಕಣ್ಣು ಹಳದಿಯಾಗಿತ್ತು, ಅಂಗಿ ಮಾತ್ರ ಬಿಳಿ. ಒಳಗೆ ಕರೆದುಕೊಂಡು ಹೋಗಿ ಚಾಯ ತರಿಸಿದೆ. ಭಟ್ಟರು ಲೋಟ ಇಟ್ಟು, ಹಳೆಯ ಅಭ್ಯಾಸದಿಂದ ಅಲ್ಲೇ ನಿಂತರು, ಅವನು ಮೂಸುವುದನ್ನು ನೋಡಲು. ಅವನು ಎರಡೂ ಕೈಯಿಂದ ಲೋಟ ಹಿಡಿದು ನೇರ ಬಾಯಿಗೆ ಇಟ್ಟ.

"ಮೂಸಿ ನೋಡ್ಲಿಲ್ಲ ಡ್ರೈವರ್ರು" ಎಂದರು ಭಟ್ಟರು. ತಮಾಷೆಗೆ ಹೊರಟ ದನಿ ಅರ್ಧದಲ್ಲಿ ನಿಂತಿತು.

"ಮೂಸಿ ಏನು ಮಾಡ್ಲಿ ಭಟ್ರೇ. ಈಗ ಎಲ್ಲದರಲ್ಲೂ ನನ್ನದೇ ವಾಸನೆ." ಆಮೇಲೆ ನನ್ನ ಕಡೆ ತಿರುಗಿ, "ಪುಷ್ಪ ಶಾಲೆಗೆ ಹೋಗ್ತಾಳಾ?" ಎಂದ.

"ಹೋಗ್ತಾಳೆ. ಎರಡನೇ ಕ್ಲಾಸು."

"ಆಯ್ತಲ್ಲ ಮತ್ತೆ" ಎಂದ.

ಬೈಯುತ್ತಾನೆ ಎಂದು ನಾನು ಕಾದೆ. ಬೈದಿದ್ದರೆ ನನಗೆ ಇಷ್ಟು ವರ್ಷ ಈ ಸಿಟ್ಟನ್ನು ಹೊತ್ತು ತಿರುಗುವ ಕೆಲಸ ಇರುತ್ತಿರಲಿಲ್ಲ. ಅವನು ಬೈರಾಸು ಕಂಕುಳಲ್ಲಿ ಸಿಕ್ಕಿಸಿ, ಬೆಳ್ತಂಗಡಿಯ ಬಸ್ಸು ಬಂದದ್ದನ್ನು ನೋಡಿ, "ಇವನು ಗಿಯರ್ ಹಾಕುವುದು ನೋಡು, ಬಸ್ಸಿಗೇ ಹಲ್ಲುನೋವು ಬಂದೀತು" ಎಂದು ಹೊಸ ಡ್ರೈವರನ್ನು ಬೈದು ಎದ್ದುಹೋದ.

ಎರಡು ತಿಂಗಳ ನಂತರ, ನಲವತ್ತಮೂರನೆಯ ವಯಸ್ಸಿನಲ್ಲಿ, ಹೊಟ್ಟೆಯಲ್ಲಿ ನೀರು ತುಂಬಿ ಸಂಜೀವಣ್ಣ ತೀರಿಕೊಂಡ. ಅವನ ನಂತರ ಮನೆಯ ಹಿರಿಯ ಗಂಡಸು ನಾನು. ಮುಂದಿನ ತಂಬಿಲದಲ್ಲಿ ತಂಬಿಗೆಗೆ ಬೊಂಡದ ನೀರು ಹಾಕಿ ಇಟ್ಟೆ. ಮನೆಗೆ ಏನೂ ಆಗಲಿಲ್ಲ.